ಪೆಟ್ಟಿಗೆಯೊಳಗಿನ ಗುಡುಗು

ಮಾರ್ಚ್ 4

ಕೇಳಿರಿ, ಕೇಳಿರಿ! ಊಟದ ಮನೆಯ ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತ ಮಹಾಜನಗಳೇ! ಕಡಲ ನಡುವಿನ ಬಂಡೆಯ ಮೇಲೆ ದೀಪ ಕಾಯುವ ಧೀರರೇ! ಸೌಟು ಕೆಳಗಿಡದೆ ಕಿವಿಗೊಟ್ಟ ಅಡುಗೆಯವರೇ! ನಿಮ್ಮ ನಡುವೆ ಎದ್ದು ನಿಂತು ಈ ಕಾಗದ ಓದುತ್ತಿರುವ, ನಾಲಿಗೆ ಚೂಪಾಗಿದೆ ಎಂದು ನಾನೇ ಸೂಜಿ ಎಂದು ಹೆಸರಿಟ್ಟ, ನನ್ನ ಒಬ್ಬಳೇ ತಂಗಿಯೇ!

ಅನಾಹುತ! ಘೋರ ಅನಾಹುತ!

ಸೂಜಿ, ಆ ದೀಪಸ್ತಂಭದ ಯಂತ್ರಗಳನ್ನು ನೋಡಿಕೊಳ್ಳಲು ಹೊರಡುವ ಮುಂಚೆ ನೀನು ನನ್ನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಕೂಡಿಸಿಕೊಟ್ಟಿದ್ದೆಯಲ್ಲ, ಅದು ಇಂದು ಬೆಳಿಗ್ಗೆಯವರೆಗೂ ಚಿನ್ನದಂಥ ಮಗು. ಪರದೆಯ ಮೂಲೆಯಲ್ಲಿ ಒಂದು ಚೀಟಿ ಎದ್ದು ನಿಂತು, 'ಹೊಸ ಕರ್ನಲ್ ಬಂದಿದೆ, ಹಾಕಲೇ?' ಎಂದು ಕೇಳಿತು. ಬಾಗಿಲಿಗೆ ಬಂದವರನ್ನು ಬೇಡ ಅನ್ನುವ ಮನೆತನವೇ ನಮ್ಮದು? ಹ್ಞೂಂ ಎಂದು ಒತ್ತಿದೆ. ಅಕ್ಷರಗಳು ಸರಸರ ಮೇಲಕ್ಕೆ ಹರಿದವು. 'ಆಯಿತು, ಆರಿಸಿ ಮತ್ತೆ ಹಚ್ಚಿ' ಎಂದಿತು. ಆರಿಸಿದೆ. ಹಚ್ಚಿದೆ.

ಕತ್ತಲು! ಕಪ್ಪು ಪರದೆ, ಬಿಳಿ ಅಕ್ಷರ, ಕಲ್ಲಿನಂಥ ಮೌನ! ಎಷ್ಟು ಸಲ ಹಚ್ಚಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ. ನಿನ್ನ ಅತ್ತಿಗೆ ಓಡಿಬಂದು ನೋಡಿ ಗೋಡೆಗೆ ಒರಗಿದಳು.

ಯಾಕೆ ಗೊತ್ತೇ? ಆ ಪೆಟ್ಟಿಗೆಯೊಳಗೆ ನನ್ನ ಧ್ವನಿ ಇದೆ. ಹೊಸ ನಾಟಕದಲ್ಲಿ ನನ್ನದು ರಾಜನ ಪಾತ್ರ. ಸಿಂಹಾಸನ ಏರುವುದರಿಂದ ಹಿಡಿದು ಅದನ್ನು ಬಿಟ್ಟು ನಡೆಯುವವರೆಗೆ ಅವನ ಮಾತೆಲ್ಲವನ್ನೂ ಹೋದ ವರ್ಷ ಅದರಲ್ಲಿ ಹೇಳಿಟ್ಟಿದ್ದೇನೆ. ನಕಲು ಬೇರೆಲ್ಲೂ ಇಲ್ಲ. ಏಪ್ರಿಲ್ ಇಪ್ಪತ್ತಕ್ಕೆ ಪ್ರದರ್ಶನ. ರಂಗದ ಮೇಲೆ ನಾನು ಆಡುತ್ತೇನೆ, ಮಾತು ಪೆಟ್ಟಿಗೆಯಿಂದ ಬರುತ್ತದೆ. ಇದು ಹೊಸ ಪದ್ಧತಿ, ಯಾಕೆಂದು ಕೇಳಬೇಡ. ಪೆಟ್ಟಿಗೆ ಬಾಯಿ ಬಿಡದಿದ್ದರೆ ರಾಜ ಮೂಗ!

ಬೇಗ ದಾರಿ ತೋರಿಸು.

ನಿನ್ನ ಗುಡುಗಣ್ಣ


ಮಾರ್ಚ್ 11

ಗುಡುಗಣ್ಣಾ,

ನಿನ್ನ ಕಾಗದ ಓದಿ ಮುಗಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಅಡುಗೆಯವರು 'ನಿಮ್ಮಣ್ಣ ಕಾಗದದಲ್ಲೇ ಇಷ್ಟು ಕೂಗ್ತಾರಲ್ಲ, ಎದುರಿಗೆ ಹೆಂಗೆ?' ಅಂದರು. 'ಎದುರಿಗಾದ್ರೆ ನಿಮ್ಮ ಪಾತ್ರೆಗಳು ತಾವೇ ಕುಣೀತವೆ' ಅಂದೆ. ದೀಪದ ಅಜ್ಜ ನಕ್ಕು ನಕ್ಕು ಕೆಮ್ಮಿದರು.

ಈಗ ವಿಷಯಕ್ಕೆ ಬಾ. ಕರ್ನಲ್ ಅಂದರೆ ಸೈನ್ಯದವನಲ್ಲ, ಹೆದರಬೇಡ. ನಿನ್ನ ಭಾಷೆಯಲ್ಲಿ ಅವನು ಸೂತ್ರಧಾರ. ಕಂಪ್ಯೂಟರ್ ಹಚ್ಚಿದಾಗ ಮೊದಲು ರಂಗಕ್ಕೆ ಬರುವವನು ಅವನೇ, ಉಳಿದವರನ್ನೆಲ್ಲ ಎಬ್ಬಿಸಿ ಕೆಲಸಕ್ಕೆ ಹಚ್ಚುವವನೂ ಅವನೇ. ನೀನು ಸೂತ್ರಧಾರನನ್ನು ಬದಲಾಯಿಸಿದೀಯ. ಹೊಸಬ ಎಲ್ಲೋ ತಡವರಿಸಿ ನಿಂತಿದಾನೆ. ಎಲ್ಲಿ ಅಂತ ನನಗೆ ಗೊತ್ತಾಗಬೇಕು.

ಅದಕ್ಕೆ ಪರದೆಯ ಮೇಲಿನ ಸಾಲುಗಳು ಬೇಕು. ಎಲ್ಲಾ ಸಾಲು. ಹಾಕುವಾಗ ಹರಿದುಹೋದ ಅಕ್ಷರಗಳಲ್ಲಿ ನೆನಪಿರೋದನ್ನೂ ಬರಿ. ಇಲ್ಲಿ ಮೊಬೈಲ್ ಸಿಗಲ್ಲ, ಇಂಟರ್ನೆಟ್ಟು ಕಚೇರಿ ಕೆಲಸಕ್ಕೆ ಮಾತ್ರ. ನಿನ್ನ ಕೈಬರಹವೇ ನನಗೆ ಕಣ್ಣು. ಇದ್ದದ್ದು ಇದ್ದ ಹಾಗೆ ಬರಿ ಮಾರಾಯ, ಉಪ್ಪು ಖಾರ ಹಚ್ಚಬೇಡ.

ಇನ್ನೊಂದು. ಹೋದ ತಿಂಗಳು ಕಚೇರಿಯ ಫೋನಿಂದ ನಿನಗೆ ಮಾಡಿದ್ದೆ. ನೀನು ಎತ್ತಿದೆ, ಉಸಿರು ಕೇಳಿಸಿತು. 'ಅಣ್ಣಾ' ಅಂದೆ, 'ಅಣ್ಣಾ' ಅಂದೆ. ನೀನು ಇಟ್ಟುಬಿಟ್ಟೆ. ಹೊರಡುವಾಗ ನಾನಂದ ಮಾತಿಗೆ ಇನ್ನೂ ಮುನಿಸು ಹೋಗಿಲ್ಲವಾ? ಈ ಪ್ಯಾರಾ ಊಟದ ಮನೆಯಲ್ಲಿ ಓದಿ ತೋರಿಸಿಲ್ಲ, ನಿನಗೊಬ್ಬನಿಗೇ.

ಸೂಜಿ


ಮಾರ್ಚ್ 17

ಮಹಾಜನಗಳೇ, ನಿಶ್ಶಬ್ದ! ಪರದೆ ಏಳುತ್ತಿದೆ!

ಕಗ್ಗತ್ತಲ ರಂಗ. ಬಿಳಿಯ ಅಕ್ಷರಗಳು ಒಂದರ ಹಿಂದೊಂದು ಸಾಲಾಗಿ ಬಂದು ನಿಲ್ಲುತ್ತವೆ, ಸೋತ ಸೈನ್ಯದ ಹಾಗೆ. ಹಿಂದೆ ಯಾರೂ ಇಲ್ಲ, ಮುಂದೆ ದಾರಿ ಇಲ್ಲ. ಆಗ ಹೊಸ ಸೂತ್ರಧಾರ ಎದೆ ಹಿಡಿದು ನುಡಿಯುತ್ತಾನೆ: 'ಕರ್ನಲ್ ಪ್ಯಾನಿಕ್! ಅನೇಬಲ್ ಟು ಮೌಂಟ್ ರೂಟ್!' ಅಯ್ಯೋ, ನಾನು ಗಾಬರಿಯಾಗಿದ್ದೇನೆ, ಬೇರು ಸಿಗುತ್ತಿಲ್ಲ, ಕಾಲೂರಲು ನೆಲವಿಲ್ಲ! ಅಷ್ಟೇ. ಅಲ್ಲೇ ಕಲ್ಲಾಗುತ್ತಾನೆ.

ಸೂಜಿ, ಅದೇ ಕೊನೆಯ ಸಾಲು, ಅದೇ ಮುಖ್ಯ. ಉಳಿದದ್ದು ಹತ್ತಾರು ಸಾಲು ಇದೆ, ಎಲ್ಲ ಸಣ್ಣ ಪಾತ್ರಗಳ ಗೊಣಗಾಟ. 'ಅದಿಲ್ಲ, ಇದಿಲ್ಲ, ಜಾಗವಿಲ್ಲ' ಅಂತ ನಮ್ಮ ನಾಟಕ ಕಂಪನಿಯಲ್ಲಿ ಪೋಷಾಕಿನವರು ಹೇಳುತ್ತಲೇ ಇರುತ್ತಾರೆ, ಅವನ್ನೆಲ್ಲ ಪ್ರೇಕ್ಷಕರಿಗೆ ಕೇಳಿಸುತ್ತೇವೆಯೇ? ನಲವತ್ತು ವರ್ಷದ ಅನುಭವದಿಂದ ಕತ್ತರಿಸಿದ್ದೇನೆ. ರಸ ಮಾತ್ರ ಉಳಿಸಿದ್ದೇನೆ.

ಫೋನಿನ ವಿಷಯ. ಮುನಿಸೆಂಥದು ಹುಚ್ಚಿ! ಅವತ್ತು ಲೈನು ಸರಿ ಇರಲಿಲ್ಲ. ಈಗ ಗಂಟಲು ಸ್ವಲ್ಪ ಕಟ್ಟಿದೆ, ಫೋನ್ ಮಾಡಬೇಡ. ಕಾಗದದಲ್ಲಾದರೆ ನನ್ನ ಗರ್ಜನೆಗೆ ಅಡ್ಡಿಯಿಲ್ಲ.

ಅತ್ತಿಗೆ ಪಕ್ಕದಲ್ಲಿ ನಿಂತು 'ಅವಳಿಗೆ ಹೇಳಿ, ಅವಳಿಗೆ ಹೇಳಿ' ಅನ್ನುತ್ತಿದ್ದಾಳೆ. ಏನು ಹೇಳುವುದು? ಆರೋಗ್ಯ, ಕ್ಷೇಮ, ಅಷ್ಟೇ.

ಗುಡುಗಣ್ಣ


ಮಾರ್ಚ್ 24

ಅಣ್ಣಾ,

ಪರದೆಯ ಕೊನೆಯ ಸಾಲು ಓದಿದೆ. ರೂಟ್ ಅಂದರೆ ನಿನ್ನ ಸಾಮಾನೆಲ್ಲ ಇರುವ ಉಗ್ರಾಣ. ಸೂತ್ರಧಾರನಿಗೆ ಉಗ್ರಾಣವೇ ಸಿಗ್ತಿಲ್ಲ ಅಂದರೆ, ಆ ಕಂಪ್ಯೂಟರಿನ ವಯಸ್ಸಿಗೆ, ಆ ಉಗ್ರಾಣವಿರೋ ಡಿಸ್ಕೇ ಕೈಕೊಟ್ಟಿದೆ ಅಂತ ನನ್ನ ಲೆಕ್ಕ. ಇಲ್ಲಿಯ ಮೂರು ಯಂತ್ರಗಳಲ್ಲಿ ಹೀಗೇ ಆಗಿತ್ತು. ಒಂದನ್ನೂ ಉಳಿಸೋಕಾಗಲಿಲ್ಲ.

ಸುಮ್ಮನೆ ಆಸೆ ಇಟ್ಟುಕೊಂಡು ಕೂರಬೇಡ. ಒಳಗಿದ್ದದ್ದು ಹೋಯಿತು ಅಂತಲೇ ತಿಳಿ. ಬೀದಿ ಕೊನೆಯ ರಿಪೇರಿ ಅಂಗಡಿಗೆ ಒಯ್ದು, 'ಪೂರ್ತಿ ಅಳಿಸಿ, ಹೊಸದಾಗಿ ಹಾಕಿ, ಡಿಸ್ಕು ತಾಳದಿದ್ದರೆ ಬದಲಾಯಿಸಿ' ಅಂತ ಹೇಳು. ಎರಡು ದಿನದ ಕೆಲಸ.

ಇನ್ನು ರಾಜನ ಮಾತುಗಳು. ಅದಕ್ಕೆ ಇಷ್ಟು ಗೋಳಾಟವಾ? ಹುಟ್ಟಿದಾಗ ನೀನು ಅತ್ತಿದ್ದಕ್ಕೆ ಪಕ್ಕದ ಬೀದಿಯವರು ಬಾಗಿಲು ತೆಗೆದರಂತೆ, ಅಮ್ಮ ಹೇಳ್ತಿದ್ದಳು. ಆ ಗಂಟಲು ಇರೋವಾಗ ಇನ್ನೊಂದು ಸಲ ಹೇಳು, ಮುಗೀತು. ಗಂಟಲು ಕಟ್ಟಿದ್ದು ಬಿಟ್ಟ ಮೇಲೆ ಒಂದು ಮಧ್ಯಾಹ್ನದಲ್ಲಿ ಎಲ್ಲಾ ಒದರಿಬಿಡ್ತೀಯ. ಈ ಸಲ ಎರಡು ನಕಲು ಇಟ್ಟುಕೋ.

ನಿನಗೆ ಮುನಿಸಿಲ್ಲ ಅಂದೆ, ಸಮಾಧಾನವಾಯಿತು. 'ನಿನ್ನ ಗಂಟಲು ಕೇಳಿಸದ ಜಾಗಕ್ಕೆ ಹೋಗ್ತೀನಿ' ಅಂದಿದ್ದು ತಮಾಷೆಗೆ ಕಣೋ. ಇಲ್ಲಿ ಗಾಳಿ ಎದ್ದಾಗ ಎಲ್ಲರೂ ಕಿವಿ ಮುಚ್ಚಿಕೊಳ್ತಾರೆ. ನಾನು ಮಾತ್ರ, ಮನೆಯಲ್ಲಿದೀನಿ ಅಂದುಕೊಂಡು ಮಲಗ್ತೀನಿ.

ಸೂಜಿ


ಮಾರ್ಚ್ 30

ಸೂಜಿ,

ಇದನ್ನು ಊಟದ ಮನೆಯಲ್ಲಿ ಓದಬೇಡ. ಒಬ್ಬಳೇ ಓದು.

ನನಗೆ ಗಂಟಲು ಇಲ್ಲ.

ಹೋದ ಮಳೆಗಾಲದಲ್ಲಿ ಡಾಕ್ಟರು ಒಳಗೆ ಗೆಡ್ಡೆ ಇದೆ ಅಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಬದುಕುತ್ತೀರಿ ಅಂದರು. ತೆಗೆದರು. ಬದುಕಿದ್ದೇನೆ. ಕತ್ತಿನಲ್ಲಿ ಒಂದು ತೂತು, ಅದರಲ್ಲೇ ಉಸಿರು. ಮೇಲೆ ಶಾಲು ಸುತ್ತಿಕೊಳ್ಳುತ್ತೇನೆ. ಕಂಪನಿಯವರಿಗೆ ಗೊತ್ತು, ಬೀದಿಗೆ ಗೊತ್ತು. ನಿನಗೆ ಹೇಳಲಿಲ್ಲ. ಮೊದಮೊದಲು ನೀನು ಕೆಲಸ ಬಿಟ್ಟು ಓಡಿಬರುತ್ತೀಯ ಅಂತ. ಆಮೇಲೆ, ಆ ಊಟದ ಮನೆಯಲ್ಲಿ ನಾನಿನ್ನೂ ಗರ್ಜಿಸುತ್ತಿದ್ದೇನೆ ಅನ್ನುವುದು ನನಗೇ ಬೇಕಾಗಿತ್ತು.

ಫೋನಿನಲ್ಲಿ ನೀನು 'ಅಣ್ಣಾ' ಅಂದಾಗ ನಾನು 'ಹೇಳೇ' ಅಂದೆ. ತುಟಿ ಆಡಿತು. ನಿನಗೆ ಕೇಳಿಸಲಿಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚೆ ಕೋಣೆಯಲ್ಲಿ ಕೂತು ರಾಜನ ಮಾತು ಹೇಳಿಟ್ಟೆ. ಆ ಪೆಟ್ಟಿಗೆಯಲ್ಲಿದ್ದದ್ದು ಅದು. ಇನ್ನೊಂದು ಸಲ ಹೇಳಲು ಆಗುವುದಿಲ್ಲ ಸೂಜಿ.

ನಿನ್ನದು ತಪ್ಪಲ್ಲ. ನೀನು ಬಲ್ಲವಳು, ಹೋಯಿತು ಅಂದರೆ ಹೋಯಿತು. ಪೆಟ್ಟಿಗೆಯನ್ನು ಅಂಗಡಿಗೆ ಕೊಟ್ಟು ಬಂದೆ. ಅವರ ಕೈತುಂಬ ಕೆಲಸವಂತೆ, ಆರನೇ ತಾರೀಕು ಮಧ್ಯಾಹ್ನ ಅಳಿಸಿ ಹೊಸದು ಹಾಕುತ್ತಾರಂತೆ. ರಾಜನ ಪಾತ್ರವನ್ನು ಬೇರೆಯವರಿಗೆ ಕೊಡಲು ಹೇಳಿದ್ದೇನೆ.

ಕೊಡುವ ಮುಂಚೆ ಪರದೆಯ ಸಾಲುಗಳನ್ನೆಲ್ಲ ಬರೆದುಕೊಂಡೆ. ನೀನು ಕೇಳಿದ್ದೆ, ನಾನು ಕೊಟ್ಟಿರಲಿಲ್ಲ. ಅಂದು ಹೊಸ ಕರ್ನಲ್ ಹಾಕುವಾಗ ಹರಿದುಹೋದ ಅಕ್ಷರಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಬಂದಿತ್ತು, ಅದೂ ಇದೆ: 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್.' ಜಾಗವಿಲ್ಲ ಅಂತ. ಉಳಿದವು ಹಿಂದಿನ ಹಾಳೆಯಲ್ಲಿವೆ. ಈಗ ಉಪಯೋಗವಿಲ್ಲ. ಆದರೂ ಇರಲಿ.

ಅಣ್ಣ


ಏಪ್ರಿಲ್ 6

ಅಣ್ಣಾ ಅಣ್ಣಾ ಅಣ್ಣಾ,

ಅವಸರದಲ್ಲಿ ಗೀಚ್ತಿದೀನಿ, ಅಕ್ಷರ ನೋಡಿ ಬೈಯಬೇಡ. ದೋಣಿ ಬಂದದ್ದು ಹನ್ನೊಂದಕ್ಕೆ. ಎಲ್ಲರೂ ಬೆಂಚಿನ ಮೇಲೆ ಕೂತಾಗಿತ್ತು. ಮೊದಲ ಸಾಲು ನೋಡಿ ಎದ್ದು ಹೊರಗೆ ಬಂದೆ. ಎರಡನೆಯ ಸಾಲು ಓದಿ ಬಂಡೆಯ ಮೇಲೆ ಕೂತುಬಿಟ್ಟೆ. ಅಡುಗೆಯವರು ಬಂದು ಭುಜ ಅಲುಗಿಸಿದರಂತೆ, ನನಗೆ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನದಲ್ಲಿ ಒದರಿಬಿಡು ಅಂತ ಬರೆದಿದ್ದೆ ನಾನು. ಈ ಕೈಯಲ್ಲೇ ಬರೆದಿದ್ದೆ.

ಆಮೇಲೆ ಕಾಗದದ ಕೊನೆಯ ಪ್ಯಾರಾಕ್ಕೆ ಬಂದೆ. ಜಾಗವಿಲ್ಲ ಅಂತ ಇತ್ತು. ಅಣ್ಣಾ, ನಿನ್ನ ಡಿಸ್ಕು ಸತ್ತಿಲ್ಲ! ಸೂತ್ರಧಾರ ಉಗ್ರಾಣ ತೆಗೆಯೋಕೆ ಕೀಲಿಕೈ ಇರೋ ಒಂದು ಚೀಲ ತರಬೇಕು. ಆ ಚೀಲ ಇಡೋದು ರಂಗದ ಪಕ್ಕದ ಒಂದು ಸಣ್ಣ ಗೂಡಿನಲ್ಲಿ. ಹಳೇ ಸೂತ್ರಧಾರರ ಚೀಲಗಳೇ ಅಲ್ಲಿ ತುಂಬಿಹೋಗಿ ಹೊಸಬನದಕ್ಕೆ ಜಾಗ ಸಿಕ್ಕಿಲ್ಲ. ಬರಿಗೈಲಿ ರಂಗಕ್ಕೆ ಬಂದು ಉಗ್ರಾಣದ ಮುಂದೆ ನಿಂತು ಗಾಬರಿಯಾಗಿದಾನೆ, ಅಷ್ಟೇ! ಉಗ್ರಾಣಕ್ಕೆ ಏನೂ ಆಗಿಲ್ಲ. ಹಳಬ ತನ್ನ ಚೀಲದ ಸಮೇತ ಅಲ್ಲೇ ಇದಾನೆ. ಅವನನ್ನ ಕರೆದರೆ ಮುಗೀತು.

ತಾರೀಕು ನೋಡಿದೆ. ಇವತ್ತೇ ಆರು.

ಕಚೇರಿಗೆ ಓಡಿ ನಿನಗೆ ಫೋನ್ ಮಾಡಿದೆ. ಯಾರೋ ಎತ್ತಿದರು. ಉಸಿರು ಕೇಳಿಸಿತಾ, ಗಾಳಿಯಾ, ಗೊತ್ತಾಗಲಿಲ್ಲ. ಅಳಿಸಬೇಡ ಅಂತ ಕೂಗಿದೆ. ಹಚ್ಚುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿ, ಮೆನು ಬರುತ್ತೆ, ಎರಡನೇ ಸಾಲಿಗೆ ಹೋಗು, ಅದರೊಳಗೆ ಹಳೇ ನಂಬರಿನ ಕರ್ನಲ್ ಆರಿಸು ಅಂದೆ. ಮೂರು ಸಲ ಹೇಳಿದೆ. ಲೈನು ಕಡಿದುಹೋಯಿತು. ಆಮೇಲೆ ಸಿಗಲೇ ಇಲ್ಲ.

ಕೇಳಿಸಿಕೊಂಡದ್ದು ನೀನೇನಾ? ಮಧ್ಯಾಹ್ನ ಅಂದರೆ ಎಷ್ಟು ಹೊತ್ತಿಗೆ? ದೋಣಿ ಹೊರಡುತ್ತಿದೆ. ಇದು ನಿನ್ನ ಕೈಗೆ ಬರುವಷ್ಟರಲ್ಲಿ ಆಗೋದು ಆಗಿಹೋಗಿರುತ್ತೆ ಅಂತ ಗೊತ್ತಿದ್ದೂ ಕಳಿಸ್ತಿದೀನಿ.

ಸೂಜಿ


ಏಪ್ರಿಲ್ 7

ಮಹಾಜನಗಳೇ! ಎದ್ದು ಹೋದವರು ಮತ್ತೆ ಬೆಂಚಿಗೆ ಬನ್ನಿ! ಸೂಜಿ, ಇದನ್ನು ಗಟ್ಟಿಯಾಗಿ ಓದು, ಬಂಡೆಯ ತುದಿಯಲ್ಲಿ ನಿಂತವನಿಗೂ ಕೇಳಿಸಲಿ!

ಫೋನ್ ಎತ್ತಿದ್ದು ನಾನೇ. ನೀನು ಹೇಳಿದ್ದನ್ನು ಅಂಗೈ ಮೇಲೆ ಬರೆದುಕೊಂಡೆ: ಶಿಫ್ಟ್, ಎರಡನೇ ಸಾಲು, ಹಳೇ ನಂಬರು. 'ಆಯಿತು' ಅಂದೆ. ಎಂದಿನಂತೆ ನಿನಗೆ ಕೇಳಿಸಲಿಲ್ಲ.

ಅತ್ತಿಗೆ ಪೇಟೆಗೆ ಹೋಗಿದ್ದಳು. ಶಾಲಿಲ್ಲದೆ, ಮನೆ ಚಪ್ಪಲಿಯಲ್ಲೇ ಓಡಿದೆ. ಕತ್ತಿನ ತೂತಿನಿಂದ ಸಿಳ್ಳೆ ಹೊಡೆದ ಹಾಗೆ ಉಸಿರು! ಬೀದಿಯವರು ದಾರಿ ಬಿಟ್ಟರು. ಅಂಗಡಿಯ ಗಾಜಿನ ಬಾಗಿಲು ಒಳಗಿನಿಂದ ಚಿಲಕ. 'ಊಟದ ಸಮಯ' ಎಂಬ ಫಲಕ. ರಿಪೇರಿಯವರು ನನಗೆ ಬೆನ್ನು ಹಾಕಿ, ಎಡಗೈಯಲ್ಲಿ ತುತ್ತು, ಬಲಗೈ ಕೀಲಿಮಣೆಯ ಮೇಲೆ. ಎದುರಿಗೆ ನನ್ನದೇ ಪೆಟ್ಟಿಗೆ. ಪರದೆಯ ಮೇಲೆ ಕೆಂಪು ಅಕ್ಷರ: ಎಲ್ಲವನ್ನೂ ಅಳಿಸಲೇ?

ಗಾಜು ಬಡಿದೆ. ಅವರು ತಿರುಗದೆಯೇ ಕೈ ಎತ್ತಿ 'ತಾಳಿ' ಎಂದು ಸನ್ನೆ ಮಾಡಿದರು. ಇನ್ನೂ ಬಡಿದೆ. ರೇಡಿಯೋ ಹಾಡುತ್ತಿತ್ತು. ಸೂಜಿ, ನಲವತ್ತು ವರ್ಷ ಕೊನೆಯ ಸಾಲಿನವನಿಗೂ ಕೇಳಿಸುವ ಹಾಗೆ 'ನಿಲ್ಲು!' ಎಂದ ಬಾಯಿ ಇದು. ಬಾಯಿ ತೆರೆದೆ. ಗಾಜಿನಲ್ಲಿ ನನ್ನ ತೆರೆದ ಬಾಯಿ ನನಗೇ ಕಂಡಿತು. ಗಾಳಿ ಬಿಟ್ಟರೆ ಇನ್ನೇನೂ ಬರಲಿಲ್ಲ.

ಅವರ ಬೆರಳು ಕೆಳಗಿಳಿಯಿತು.

ನಾಟಕದವನಿಗೆ ಆಗ ಹೊಳೆಯುವುದು ಒಂದೇ. ರಂಗದ ಮೇಲೆ ಎಡವಟ್ಟಾದರೆ ಏನು ಮಾಡುತ್ತೇವೆ? ದೀಪ ಆರಿಸುತ್ತೇವೆ! ಮೆಟ್ಟಿಲ ಕೆಳಗೆ ಕಟ್ಟಡದ ಮೀಟರ್ ಹಲಗೆ ಇತ್ತು. ಯಾವ ಅಂಗಡಿಗೆ ಯಾವ ಫ್ಯೂಸ್ ಎಂದು ಯಾರಿಗೆ ಗೊತ್ತು? ಎಲ್ಲವನ್ನೂ ಕಿತ್ತೆ. ಎರಡೂ ಕೈ ತುಂಬ ಕಿತ್ತೆ!

ಸಾಲಿಗೆ ಸಾಲೇ ಕತ್ತಲು. ಕ್ಷೌರದಂಗಡಿಯಿಂದ ಅರ್ಧ ಗಡ್ಡದವನೊಬ್ಬ ನೊರೆ ಸಮೇತ ಹೊರಬಂದ. ದರ್ಜಿ ಬಂದ. ರಿಪೇರಿಯವರು ತುತ್ತು ನುಂಗದೆಯೇ ಬಂದರು. 'ಯಾವನೋ ಅವನು!' ಎಂದು ಎಲ್ಲರೂ ಕೂಗಿದರು. ಮೆಟ್ಟಿಲ ಕೆಳಗೆ, ಕೈ ತುಂಬ ಫ್ಯೂಸು ಹಿಡಿದು, ಬಾಯಿ ಬಿಡುತ್ತಾ ಮುಚ್ಚುತ್ತಾ ನಾನು!

'ಸಾರ್, ಏನ್ ಸಾರ್ ಇದು?' ಎಂದರು ರಿಪೇರಿಯವರು. ಅಂಗೈ ತೋರಿಸಿದೆ. ಬೆವರಿಗೆ ಅರ್ಧ ಅಳಿಸಿತ್ತು. ಅರ್ಧ ಗಡ್ಡದವನೇ ಬಗ್ಗಿ ಓದಿದ. ರಿಪೇರಿಯವರ ಮುಖ ಬಿಳುಚಿತು. 'ಎಂಟರ್ ಒತ್ತಿದ್ನೋ, ಒತ್ತೋ ಮುಂಚೆ ಕರೆಂಟ್ ಹೋಯ್ತೋ, ನಂಗೇ ಗೊತ್ತಿಲ್ಲ ಸಾರ್.'

ಫ್ಯೂಸು ಹಾಕಿದರು. ಅವರು ಶಿಫ್ಟ್ ಒತ್ತಿ ಹಿಡಿದರು, ಮೆನು ಬಂತು. ಎರಡನೇ ಸಾಲು. ಹಳೇ ನಂಬರು. ಒತ್ತಿದರು. ಕತ್ತಲು. ದರ್ಜಿ 'ಹೋಯ್ತು' ಅಂದ. 'ನಿನ್ನ ಬಾಯಿಗೆ ಬಟನ್ ಹೊಲಿ' ಅಂದ ಅರ್ಧ ಗಡ್ಡದವ. ಅಕ್ಷರ ಹರಿದವು, ಹರಿದವು, ಹರಿದೇ ಹರಿದವು. ಆಮೇಲೆ, ಸೂಜಿ, ನನ್ನ ಪರದೆ! ನೀನು ಹಾಕಿಕೊಟ್ಟ ಆ ನೀಲಿ ಚಿತ್ರ! ಒಂದು ಫೈಲನ್ನು ಒತ್ತಿದೆ. 'ಎಲೈ ಸೇನಾಪತಿ!' ಎಂದು ರಾಜ ಅಂಗಡಿ ನಡುಗುವಂತೆ ಗುಡುಗಿದ. ನೊರೆಯವನು ಬೆಚ್ಚಿಬಿದ್ದು ದರ್ಜಿಯ ಕಾಲು ತುಳಿದ.

ನಾನು ಗೋಡೆ ಹಿಡಿದು ಕೂತೆ. 'ಇಷ್ಟೇನಾ ಸಾರ್? ನಿಮ್ಮ ತಂಗಿ ಹೇಳಿದಾರೆ ಅಂತ ಚೀಟಿ ಕೊಟ್ರಿ, ನಾನು ಮೂಗು ತೂರಿಸಲಿಲ್ಲ' ಎಂದು ರಿಪೇರಿಯವರು ತಲೆ ಚಚ್ಚಿಕೊಂಡರು. ಗೂಡು ಗುಡಿಸಿ, ಹಳೇ ಚೀಲಗಳನ್ನೆಸೆದು, ಹೊಸ ಸೂತ್ರಧಾರನಿಗೂ ಚೀಲ ಮಾಡಿಕೊಟ್ಟರು. ಎರಡು ನಕಲೂ ತೆಗೆದರು. ಒಂದು ಈ ಕಾಗದದ ಜೊತೆ ನಿನಗೆ.

ಇಲ್ಲಿಗೆ ನಾಟಕ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಪೆಟ್ಟಿಗೆಯನ್ನು ಮನೆಗೆ ತಂದು, ಕೋಣೆಯಲ್ಲಿ ಕೂತು ಕೇಳತೊಡಗಿದೆ. ಶಸ್ತ್ರಚಿಕಿತ್ಸೆಯ ನಂತರ ಕೇಳಲು ಧೈರ್ಯವೇ ಬಂದಿರಲಿಲ್ಲ. ರಾಜನ ಮಾತೇನೋ ಸರಿ. ಅಬ್ಬಾ, ಎಷ್ಟು ಕಿರುಚುತ್ತಿದ್ದೆನೇ ನಾನು! ನೀವೆಲ್ಲ ಹೇಗೆ ಸಹಿಸಿಕೊಂಡಿರಿ? ಆದರೆ ನಾನು ಪೆದ್ದ, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ರೆಕಾರ್ಡಿಂಗ್ ನಿಲ್ಲಿಸಿಯೇ ಇರಲಿಲ್ಲ. ಸೇನಾಪತಿಯನ್ನು ಗಲ್ಲಿಗೇರಿಸಿದ ಮೇಲೆ ಸ್ವಲ್ಪ ಹೊತ್ತು ಬರೀ ಕುರ್ಚಿಯ ಸದ್ದು, ಕೆಮ್ಮು. ಆಮೇಲೆ ಒಬ್ಬ ಮನುಷ್ಯ ಮೆಲ್ಲಗೆ, ಬೇಸರದಿಂದ, ಯಾವ ರಾಗವೂ ಇಲ್ಲದೆ ಹೇಳುತ್ತಾನೆ: 'ಲೇ, ಆ ಬಾಗಿಲು ಹಾಕೇ, ಗಾಳಿ ಬರ್ತಿದೆ.'

ಆ ಹೊತ್ತಿಗೆ ಅತ್ತಿಗೆ ಪೇಟೆಯಿಂದ ಬಂದು ಹೊಸಿಲು ದಾಟುತ್ತಿದ್ದಳು. ನಾನು ತೆರೆದಿಟ್ಟೇ ಓಡಿದ್ದ ಬಾಗಿಲು.

'ಹಾಕ್ದೆ ಕಣ್ರೀ,' ಎಂದಳು. ಹಾಕಿಯೂ ಹಾಕಿದಳು. ಚಿಲಕದ ಸದ್ದು ಕೇಳಿಸಿತು. ಚೀಲ ಕೆಳಗಿಡುತ್ತ 'ಇಷ್ಟು ಸೆಖೆಲಿ ಎಂಥ ಗಾಳಿ ನಿಮಗೆ' ಎಂದು ಗೊಣಗಿದಳು.



ಕೋಣೆಯ ಬಾಗಿಲಿಗೆ ಬಂದು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಬಾಯಿ ನೋಡಿದಳು, ಕತ್ತು ನೋಡಿದಳು, ಪೆಟ್ಟಿಗೆ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. 'ಇನ್ನೊಂದ್ಸಲ' ಅಂದಳು. ಒತ್ತಿದೆ. 'ಇನ್ನೊಂದ್ಸಲ.' ಒತ್ತಿದೆ. ಕತ್ತಲಾಗುವವರೆಗೂ ಇಬ್ಬರೂ ರಾಜನನ್ನು ದಾಟಿಸಿ ದಾಟಿಸಿ ಆ ಸಂದುಗಳನ್ನೇ ಹುಡುಕಿದೆವು. 'ಥೂ, ತಪ್ಪಿತು.' 'ನನ್ನ ಕನ್ನಡಕ ನೋಡಿದ್ಯಾ?' ಒಂದು ಕಡೆ, 'ಸೂಜಿ ಕಾಗದ ಬಂತಾ?' ಅದನ್ನು ನಿನ್ನ ನಕಲಿನಲ್ಲಿ ಮೊದಲಿಗೇ ಹಾಕಿದ್ದೇನೆ.

ರಾಜನ ಮಾತನ್ನು ಕಂಪನಿಯವರು ಒಯ್ಯಲಿ, ಇಪ್ಪತ್ತಕ್ಕೆ ಬೇಕಾದ ಹಾಗೆ ಗುಡುಗಿಸಲಿ, ನಾನು ಕೈ ಬೀಸಿ ಆಡುತ್ತೇನೆ. ಸಂದಿನ ಮಾತು ಮಾತ್ರ ಮನೆಯಲ್ಲೇ ಇರುತ್ತದೆ. ನಾಳೆ ಬೆಳಿಗ್ಗೆ ಅವಳಿಗಿಂತ ಮುಂಚೆ ಏಳುತ್ತೇನೆ. ಅವಳು ಅಡುಗೆಮನೆಗೆ ಹೋಗಿ ಒಲೆ ಹಚ್ಚುವವರೆಗೂ ಕಾದು, ಈ ಕೋಣೆಯಲ್ಲಿ ಕೂತು, ಇಂದು ಕತ್ತರಿಸಿಟ್ಟ ಒಂದು ತುಂಡನ್ನು ಒತ್ತುತ್ತೇನೆ: 'ಕಾಫಿ ಆಯ್ತೇನೇ?'

ನಿನ್ನ ಗುಡುಗಣ್ಣ